ಮೂರು ಗಂಟೆಯ ಸೋಲ್ಡರಿಂಗ್ ಕಾರ್ಯಾಗಾರ: ನಿಮ್ಮ ಊರಲ್ಲೂ ನಡೆಸುವುದು ಹೇಗೆ?

ಸೋಲ್ಡರಿಂಗ್ ಅಂದರೆ ಎಲೆಕ್ಟ್ರಾನಿಕ್ಸ್ ಭಾಗಗಳನ್ನು ಲೋಹದ ತಂತಿ ಕರಗಿಸಿ ಬೋರ್ಡಿಗೆ ಬೆಸೆಯುವುದು. ಅದಕ್ಕೆ ಬಳಸುವ ಬಿಸಿ ಉಪಕರಣವೇ ಸೋಲ್ಡರಿಂಗ್ ಐರನ್. ಅದನ್ನು ಕೈಯಲ್ಲಿ ಹಿಡಿಯದೆಯೇ ಎಲೆಕ್ಟ್ರಾನಿಕ್ಸ್ ಓದು ಮುಗಿಸಿದವರು ನಮ್ಮಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಲ್ಯಾಬಿನಲ್ಲಿ ಐದಾರು ಜನಕ್ಕೆ ಒಂದು ಟೇಬಲ್ಲು. ಒಬ್ಬರು ಮಾಡುತ್ತಾರೆ, ಒಬ್ಬರು ಬರೆದುಕೊಳ್ಳುತ್ತಾರೆ, ಉಳಿದವರು ನೋಡುತ್ತಾರೆ. ಇನ್ನು ಎಲೆಕ್ಟ್ರಾನಿಕ್ಸ್ ಓದದವರಿಗಂತೂ ಆ ಟೇಬಲ್ಲಿನ ಹತ್ತಿರ ಹೋಗುವ ಅವಕಾಶವೇ ಇರುವುದಿಲ್ಲ. ಮೇಕರ್‌ಸ್ಪೇಸ್‌ಗಳು ತುಂಬಬೇಕಾಗಿರುವುದು ಇದೇ ಜಾಗವನ್ನು.

ಮೇಕರ್‌ಸ್ಪೇಸ್ ಅಂದರೆ ಊರಿನವರು ಹಂಚಿಕೊಂಡು ಬಳಸುವ ವರ್ಕ್‌ಶಾಪು. ಉಪಕರಣ ಒಂದೆಡೆ ಇರುತ್ತದೆ, ಯಾರು ಬೇಕಾದರೂ ಕಲಿತು ಬಳಸಬಹುದು. ಇದು ಅಮೆರಿಕದಿಂದ ಮೊನ್ನೆ ಬಂದ ಫ್ಯಾಷನ್ ಅಂತ ಅಂದುಕೊಳ್ಳಬೇಡಿ. ಪುಣೆ ಜಿಲ್ಲೆಯ ಪಾಬಳ್ ಎಂಬ ಹಳ್ಳಿಯಲ್ಲಿ ಡಾ. ಎಸ್.ಎಸ್. ಕಲ್ಬಾಗ್ 1983ರಲ್ಲಿ ವಿಜ್ಞಾನ ಆಶ್ರಮ ಶುರು ಮಾಡಿದರು. ಮಾಡುತ್ತಾ ಕಲಿಯುವುದೇ ಅಲ್ಲಿನ ಪಾಠದ ಕ್ರಮ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಫ್ಯಾಬ್ ಲ್ಯಾಬ್ (ಕಂಪ್ಯೂಟರ್ ನಡೆಸುವ ಯಂತ್ರಗಳಿರುವ ಸಣ್ಣ ವರ್ಕ್‌ಶಾಪು) ಅನ್ನು ತಮ್ಮ ಕ್ಯಾಂಪಸ್ಸಿನ ಹೊರಗೆ ಒಯ್ಯಲು ಹೊರಟಾಗ ಮೊದಲು ಆರಿಸಿಕೊಂಡ ಜಾಗಗಳಲ್ಲಿ ಪಾಬಳ್ ಕೂಡ ಒಂದು. ಅದು 2002ರ ಮಾತು. ಬೆಂಗಳೂರಿನ ಹಲಸೂರು ಮೆಟ್ರೋ ನಿಲ್ದಾಣದ ಕೆಳಗೆ ವರ್ಕ್‌ಬೆಂಚ್ ಪ್ರಾಜೆಕ್ಟ್ಸ್ ತನ್ನ ಮೇಕರ್‌ಸ್ಪೇಸ್ ಮಾಡಿತು. 2016ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಅಟಲ್ ಇನೊವೇಶನ್ ಮಿಷನ್‌ನಿಂದ ದೇಶದ ಸಾವಿರಾರು ಶಾಲೆಗಳಿಗೆ ಟಿಂಕರಿಂಗ್ ಲ್ಯಾಬ್, ಅಂದರೆ ಮಕ್ಕಳು ಕೈಯಾರೆ ಮಾಡಿ ನೋಡುವ ಲ್ಯಾಬ್, ಬಂತು. ನಿಮ್ಮ ತಾಲೂಕಿನ ಯಾವುದಾದರೂ ಶಾಲೆಯಲ್ಲೂ ಒಂದು ಇರಬಹುದು, ವಿಚಾರಿಸಿ ನೋಡಿ.

ಜಾಗ ಇದ್ದರಷ್ಟೇ ಸಾಲದು, ಅಲ್ಲಿ ತರಗತಿ ನಡೆಯಬೇಕು. ಮೊದಲ ತರಗತಿಯಲ್ಲೇ ಬಂದವರ ಕೈ ಕೆಲಸ ಮಾಡಬೇಕು. ಅಂಥ ಒಂದು ಕಾರ್ಯಾಗಾರವನ್ನು ಮೊದಲಿಂದ ಕೊನೆವರೆಗೆ ಹೇಗೆ ನಡೆಸುವುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಸೋಲ್ಡರಿಂಗೇ ಯಾಕೆ?

ಹೊಸ ಮೇಕರ್‌ಸ್ಪೇಸ್‌ನವರು ಸಾಮಾನ್ಯವಾಗಿ ಥ್ರೀಡಿ ಪ್ರಿಂಟರ್ ತೋರಿಸುವುದರಿಂದ ಶುರು ಮಾಡುತ್ತಾರೆ. ನೋಡಲು ಚೆನ್ನಾಗಿರುತ್ತದೆ, ನಿಜ. ಆದರೆ ಬೆರಳುದ್ದದ ಒಂದು ವಸ್ತು ಪ್ರಿಂಟ್ ಆಗಲು ಗಂಟೆಗಟ್ಟಲೆ ಬೇಕು. ಹನ್ನೆರಡು ಜನ ಸುತ್ತ ನಿಂತು ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ಹೋಗುತ್ತಾರೆ. ಲೇಸರ್ ಕಟರ್‌ನದ್ದೂ ಇದೇ ಕಥೆ: ಕೆಲಸ ಮಾಡುವುದು ಯಂತ್ರ. ಜೊತೆಗೆ ಅದರ ನಿಯಮಗಳನ್ನು ಬೇರೆಯಾಗಿಯೇ ಕೂರಿಸಿ ಕಲಿಸಬೇಕು. ಉದಾಹರಣೆಗೆ, ಪಿವಿಸಿ ಹಾಳೆಯನ್ನು ಲೇಸರ್‌ನಲ್ಲಿ ಕತ್ತರಿಸಲೇಬಾರದು. ಅದು ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಮನುಷ್ಯರಿಗೂ ಕೆಟ್ಟದ್ದು, ಯಂತ್ರಕ್ಕೂ ಕೆಟ್ಟದ್ದು. ಇದೆಲ್ಲ ಎರಡನೇ, ಮೂರನೇ ತರಗತಿಗೆ ಇರಲಿ.

ಸೋಲ್ಡರಿಂಗ್‌ನಲ್ಲಿ ಮೂರು ಗಂಟೆ ಸಾಕು. ಒಬ್ಬೊಬ್ಬರ ಕೈಗೂ ಒಂದೊಂದು ಐರನ್ ಕೊಡಬಹುದು. ಮನೆಗೆ ಹೋಗುವಾಗ ತಾವೇ ಮಾಡಿದ, ಕೆಲಸ ಮಾಡುವ ಒಂದು ವಸ್ತು ಜೇಬಿನಲ್ಲಿರುತ್ತದೆ. ಕಲಿತದ್ದು ಮಾರನೇ ದಿನವೇ ಕಿತ್ತುಹೋದ ಹೆಡ್‌ಫೋನ್ ವೈರಿಗೆ ಬಳಕೆಯಾಗುತ್ತದೆ.

ಮಾಡಿಸುವುದಕ್ಕೆ ಎರಡು ಎಲ್‌ಇಡಿ ಒಂದಾದ ಮೇಲೊಂದು ಮಿನುಗುವ ಸರ್ಕ್ಯೂಟ್ ಒಳ್ಳೆಯದು. ಒಂದು 555 ಟೈಮರ್ ಐಸಿ (ದೀಪವನ್ನು ಹೊತ್ತು ಹೊತ್ತಿಗೆ ಹತ್ತಿಸಿ ಆರಿಸುವ ಚಿಪ್ಪು), ಅದಕ್ಕೊಂದು ಎಂಟು ಕಾಲಿನ ಬೇಸ್, 1ಕೆ ಮತ್ತು 47ಕೆ ರೆಸಿಸ್ಟರ್ (ಕರೆಂಟನ್ನು ತಡೆಯುವ ಭಾಗ; 1ಕೆ ಅಂದರೆ ಸಾವಿರ ಓಮ್) ಒಂದೊಂದು, ಎಲ್‌ಇಡಿಗಳಿಗೆ 680 ಓಮ್‌ನ ಎರಡು ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಭಾಗ), ಎರಡು ಕೆಂಪು ಎಲ್‌ಇಡಿ, 9 ವೋಲ್ಟ್ ಬ್ಯಾಟರಿ, ಅದರ ಕ್ಲಿಪ್ಪು. ಅಷ್ಟೇ. 555 ಐಸಿಯನ್ನು ಹ್ಯಾನ್ಸ್ ಕ್ಯಾಮೆನ್‌ಜಿಂಡ್ 1971ರಲ್ಲಿ ಸಿಗ್ನೆಟಿಕ್ಸ್ ಕಂಪನಿಗೆ ವಿನ್ಯಾಸ ಮಾಡಿಕೊಟ್ಟರು. ಐವತ್ತು ವರ್ಷ ದಾಟಿದರೂ ಇವತ್ತಿಗೂ ಎಲ್ಲ ಅಂಗಡಿಯಲ್ಲಿ ಅಗ್ಗವಾಗಿ ಸಿಗುತ್ತದೆ. ಬ್ಯಾಟರಿ ಇಳಿದು 6 ವೋಲ್ಟಿಗೆ ಬಂದರೂ ಅದು ಕೆಲಸ ನಿಲ್ಲಿಸುವುದಿಲ್ಲ. ಮೇಲಿನ ಲೆಕ್ಕದಲ್ಲಿ ದೀಪ ಸೆಕೆಂಡಿಗೆ ಸುಮಾರು ಒಂದೂವರೆ ಸಲ ಮಿನುಗುತ್ತದೆ, ಕಣ್ಣಿಗೆ ಹಿತವಾದ ವೇಗ.

ರೆಸಿಸ್ಟರ್ ಬಗ್ಗೆ ಒಂದು ಮಾತು. ಎಲ್‌ಇಡಿಗೆ 470 ಓಮ್ ಹಾಕಿದರೂ ನಡೆಯುತ್ತದೆ. ಆದರೆ ರೆಸಿಸ್ಟರಿನ ಅಳತೆ ತಿಳಿಯುವುದು ಅದರ ಮೈಮೇಲಿನ ಬಣ್ಣದ ಪಟ್ಟಿಯಿಂದ. 470ಕ್ಕೂ 47ಕೆಗೂ ಪಟ್ಟಿ ನೋಡಿ: ಹಳದಿ-ನೇರಳೆ-ಕಂದು, ಹಳದಿ-ನೇರಳೆ-ಕಿತ್ತಳೆ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಕಂದು ಯಾವುದು, ಕಿತ್ತಳೆ ಯಾವುದು ಅಂತ ಅನುಭವಿಗಳಿಗೂ ಗೊಂದಲ ಆಗುತ್ತದೆ. 680 ಆದರೆ ನೀಲಿ-ಬೂದು-ಕಂದು, ತಕ್ಷಣ ಬೇರೆಯಾಗಿ ಕಾಣುತ್ತದೆ. ಎಲ್‌ಇಡಿಗೆ 10 ಮಿಲಿಆಂಪ್ ಆಸುಪಾಸು ಹರಿಯುತ್ತದೆ, ಬೆಳಕಿಗೆ ಅದು ಧಾರಾಳ ಸಾಕು. ಹೊಸಬರಿಗೆ ಕಿಟ್ ಆರಿಸುವಾಗ ಇಂಥ ಚಿಕ್ಕ ಚಿಕ್ಕ ಸಂಗತಿ ನೋಡಿಕೊಂಡರೆ ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ.

ತೂತು ತೂತಿನ ಜನರಲ್ ಪರ್ಪಸ್ ಬೋರ್ಡ್ ಅಗ್ಗ. ಆದರೂ ಮೊದಲ ತರಗತಿಗೆ ಅದು ಬೇಡ. ಹಿಂಬದಿಯಲ್ಲಿ ಕಾಲಿಂದ ಕಾಲಿಗೆ ತಂತಿ ಎಳೆಯುವ ಕೆಲಸ ಹೊಸಬರನ್ನು ಸುಸ್ತು ಮಾಡುತ್ತದೆ. ಕೀಕ್ಯಾಡ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಈ ಸರ್ಕ್ಯೂಟ್‌ನ ಪಿಸಿಬಿ (ತಂತಿಯ ಬದಲು ತಾಮ್ರದ ಗೆರೆಗಳಿರುವ ಬೋರ್ಡ್) ಬಿಡಿಸಿ, ಒಟ್ಟಿಗೆ ಮೂವತ್ತು ನಲವತ್ತು ಮಾಡಿಸಿಟ್ಟುಕೊಳ್ಳಿ. ಒಂದು ವರ್ಷದ ತರಗತಿಗೆ ಆಗುತ್ತದೆ. ಬೋರ್ಡಿನ ಮೇಲೆ ಭಾಗಗಳ ಹೆಸರು ಕನ್ನಡದಲ್ಲೇ ಪ್ರಿಂಟ್ ಮಾಡಿಸಬಹುದು. ಮಕ್ಕಳಿಗೆ ಅದು ತುಂಬಾ ಇಷ್ಟವಾಗುತ್ತದೆ.

ಎಷ್ಟು ಜನರನ್ನು ಸೇರಿಸಿಕೊಳ್ಳಬೇಕು?

ಕುರ್ಚಿ ಎಷ್ಟಿದೆ ಅಂತ ನೋಡಿ ಈ ಸಂಖ್ಯೆ ತೀರ್ಮಾನಿಸಬೇಡಿ. ಸಹಾಯಕರು ಎಷ್ಟಿದ್ದಾರೆ ಅಂತ ನೋಡಿ. ನಾಲ್ಕು ಜನ ಕಲಿಯುವವರಿಗೆ ಒಬ್ಬರು ಸಹಾಯಕರು ಬೇಕು. ಮೂವರಿದ್ದರೆ ಹನ್ನೆರಡು ಜನ, ಇಬ್ಬರಿದ್ದರೆ ಎಂಟು. ಹದಿಮೂರನೆಯವರು ಎಷ್ಟೇ ಬೇಡಿಕೊಂಡರೂ ಮುಂದಿನ ತರಗತಿಗೆ ಹೆಸರು ಬರೆದುಕೊಳ್ಳಿ. ಇದು ಬಿಗುಮಾನದ ಮಾತಲ್ಲ. 350 ಡಿಗ್ರಿ ಬಿಸಿಯ ಉಪಕರಣ ಹನ್ನೆರಡು ಕೈಯಲ್ಲಿ ಇರುವಾಗ ಪ್ರತಿ ಕೈ ಮೇಲೂ ಯಾರದ್ದಾದರೂ ಕಣ್ಣಿರಬೇಕು.

ಸಹಾಯಕರು ಇಂಜಿನಿಯರ್‌ಗಳೇ ಆಗಬೇಕಿಲ್ಲ. ಟಿವಿ, ಮಿಕ್ಸಿ ರಿಪೇರಿ ಅಂಗಡಿಯವರು, ಮೊಬೈಲ್ ರಿಪೇರಿ ಮಾಡುವ ಹುಡುಗರು, ಐಟಿಐ ಮೇಷ್ಟ್ರು – ನಿಮ್ಮ ಊರಿನಲ್ಲಿ ಸೋಲ್ಡರಿಂಗ್ ಚೆನ್ನಾಗಿ ಬಲ್ಲವರು ಇವರೇ. ಅವರನ್ನು ಕರೆಯಿರಿ, ಅವರ ಸಮಯಕ್ಕೆ ಸಂಭಾವನೆ ಕೊಡಿ. ಭಾನುವಾರದ ದುಡಿಮೆ ಬಿಟ್ಟು ಬರುವವರಿಗೆ ಬರೀ ಹೂಗುಚ್ಛ ಕೊಟ್ಟು ಕಳಿಸುವುದು ಸರಿಯಲ್ಲ. ಒಂದು ದಿನ ಮೊದಲೇ ಅವರ ಜೊತೆ ಕೂತು ಇಡೀ ಕಿಟ್ ಒಮ್ಮೆ ಮಾಡಿ ನೋಡಿ.

ಆಗಲೇ ಒಂದು ನಿಯಮಕ್ಕೆ ಎಲ್ಲರನ್ನೂ ಒಪ್ಪಿಸಿಬಿಡಿ: ಕಲಿಯುವವರ ಕೈಯಿಂದ ಐರನ್ ತೆಗೆದುಕೊಳ್ಳುವ ಹಾಗಿಲ್ಲ. ಈ ಲೇಖನದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವ ಮಾತು ಇದು. ಕೆಲಸ ಬಲ್ಲವರಿಗೆ ಇದನ್ನು ಪಾಲಿಸುವುದು ಕಷ್ಟ. ಎದುರಿಗಿರುವವರು ತಡವರಿಸುವಾಗ 'ಇಲ್ಲಿ ಕೊಡಮ್ಮಾ, ನಾನು ಮಾಡಿಕೊಡ್ತೀನಿ' ಅನ್ನುವುದು ಸಹಜ. ಆ ಒಂದು ಮಾತಿಗೆ ಆ ಹುಡುಗಿಯ ಕಾರ್ಯಾಗಾರ ಮುಗಿದಂತೆ. ತೋರಿಸಲೇಬೇಕಾದರೆ ಬೇರೆ ಐರನ್, ಬೇರೆ ಬೋರ್ಡ್ ತಂದು ಪಕ್ಕದಲ್ಲಿ ಮಾಡಿ ತೋರಿಸಲಿ. ಅವರ ಬೋರ್ಡನ್ನು ಅವರೇ ಮುಗಿಸಬೇಕು, ಓರೆಯಾದರೂ ಪರವಾಗಿಲ್ಲ.

ವಯಸ್ಸಿನ ವಿಚಾರ: ಹನ್ನೆರಡು ದಾಟಿದ ಮಕ್ಕಳು ಆರಾಮಾಗಿ ಮಾಡುತ್ತಾರೆ. ಅದಕ್ಕಿಂತ ಚಿಕ್ಕವರಾದರೆ ಅಪ್ಪನೋ ಅಮ್ಮನೋ ಪಕ್ಕದಲ್ಲೇ ಕೂರಲಿ. ಮೇಲಿನ ಮಿತಿ ಇಲ್ಲ. ನಿವೃತ್ತರು ಬಂದರೆ ಓದುವ ಕನ್ನಡಕ ತರಲು ಮೊದಲೇ ಹೇಳಿ, ಒಂದೆರಡು ಭೂತಗನ್ನಡಿಯನ್ನೂ ಇಟ್ಟಿರಿ.

ಜಾಗ, ಕರೆಂಟು, ಗಾಳಿ

ಮೇಕರ್‌ಸ್ಪೇಸ್ ಇದ್ದರೆ ಸರಿ. ಇಲ್ಲದಿದ್ದರೆ ಕಾಲೇಜಿನ ಕೊಠಡಿ, ಗ್ರಂಥಾಲಯದ ಹಾಲ್, ಮುಖ್ಯೋಪಾಧ್ಯಾಯರು ಒಪ್ಪಿದರೆ ಶಾಲೆಯ ಟಿಂಕರಿಂಗ್ ಲ್ಯಾಬ್, ಯಾವುದಾದರೂ ಆದೀತು. ಎದುರು ಬದುರು ಕಿಟಕಿ ಇರಬೇಕು, ಕೈ ತೊಳೆಯಲು ನಲ್ಲಿ ಹತ್ತಿರ ಇರಬೇಕು. ಈ ಎರಡು ಇಲ್ಲದ ಜಾಗ ಬೇಡ.

ಕರೆಂಟಿನ ಲೆಕ್ಕ ಸುಲಭ. 25 ವ್ಯಾಟ್‌ನ ಹನ್ನೆರಡು ಐರನ್ ಸೇರಿದರೆ 300 ವ್ಯಾಟ್. 230 ವೋಲ್ಟಿನಲ್ಲಿ ಅದು ಒಂದೂವರೆ ಆಂಪಿಯರ್ ಕೂಡ ಆಗುವುದಿಲ್ಲ. 60 ವ್ಯಾಟ್‌ನ ಸ್ಟೇಷನ್‌ಗಳಾದರೂ 720 ವ್ಯಾಟ್, ಮೂರು ಆಂಪಿಯರ್ ಚಿಲ್ಲರೆ. ಹಾಗಾಗಿ ಲೋಡ್ ಸಮಸ್ಯೆಯೇ ಅಲ್ಲ. ಸಮಸ್ಯೆ ಸಡಿಲ ಸಾಕೆಟ್‌ದು, ಮತ್ತು ಕಾಲಿಗೆ ತೊಡರುವ ವೈರಿನದು. ಯಾರೋ ವೈರ್ ಎಡವುತ್ತಾರೆ, ಬಿಸಿ ಐರನ್ ಹಾರಿ ಯಾರದ್ದೋ ಮಡಿಲಿಗೆ ಬೀಳುತ್ತದೆ. ಎಕ್ಸ್‌ಟೆನ್ಶನ್ ಬಾಕ್ಸ್‌ಗಳನ್ನು ಟೇಬಲ್ಲಿನ ಮಧ್ಯದಲ್ಲಿಟ್ಟು, ಅವುಗಳ ವೈರನ್ನು ಗೋಡೆ ಕಡೆಯಿಂದ ತನ್ನಿ. ನೆಲದ ಮೇಲೆ ಹಾಯಲೇಬೇಕಾದ ಕಡೆ ಅಗಲದ ಟೇಪ್ ಹಚ್ಚಿ. ಅರ್ಥಿಂಗ್ ಸರಿ ಇದೆಯಾ, ಲೈನಿಗೆ ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಒಬ್ಬರಿಗೆ ತೋರಿಸಿ ಖಚಿತ ಮಾಡಿಕೊಳ್ಳಿ.

ಸೀಲಿಂಗ್ ಫ್ಯಾನ್ ಆಫ್ ಮಾಡಿ. ಸೆಕೆ ಅಂತ ಎಲ್ಲರೂ ಗೊಣಗುತ್ತಾರೆ, ಆದರೂ ಆಫ್ ಮಾಡಿ. ಮೇಲಿಂದ ಬರುವ ಗಾಳಿ ಐರನ್ ತುದಿಯನ್ನು ತಣ್ಣಗೆ ಮಾಡುತ್ತದೆ, ಹೊಗೆಯನ್ನು ಮುಖಕ್ಕೇ ತಳ್ಳುತ್ತದೆ. ಅದರ ಬದಲು ಟೇಬಲ್ ಫ್ಯಾನನ್ನು ಕಿಟಕಿಯ ಕಡೆ ಮುಖ ಮಾಡಿ ಇಡಿ. ಆಗ ಕೋಣೆಯ ಹೊಗೆ ಹೊರಗೆ ಹೋಗುತ್ತದೆ.

ಆ ಹೊಗೆ ಸೀಸದ್ದಲ್ಲ. ಸೀಸ ಕುದಿಯಲು 1700 ಡಿಗ್ರಿಗೂ ಮೇಲೆ ಬೇಕು, ನಮ್ಮ ಐರನ್ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಹೊಗೆ ಬರುವುದು ಸೋಲ್ಡರ್ ವೈರಿನ ಒಳಗಿರುವ, ಲೋಹ ಚೆನ್ನಾಗಿ ಅಂಟಲು ನೆರವಾಗುವ ರಾಳದ ಫ್ಲಕ್ಸ್‌ನಿಂದ. ಉಬ್ಬಸ ಇರುವವರಿಗೆ ಅದು ಆಗುವುದಿಲ್ಲ. ಅವರನ್ನು ಕಿಟಕಿ ಪಕ್ಕ ಕೂರಿಸಿ, ಮೊದಲೇ ಕೇಳಿ ತಿಳಿದುಕೊಳ್ಳಿ. ಸೀಸ ಒಳಗೆ ಹೋಗುವುದು ಕೈಯಿಂದ ಬಾಯಿಗೆ. ಹಾಗಾಗಿ ಟೇಬಲ್ ಮೇಲೆ ಬಿಸ್ಕೆಟ್, ಟೀ, ನೀರಿನ ಬಾಟಲಿ ಯಾವುದೂ ಬೇಡ. ಸೋಲ್ಡರ್ ವೈರನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಕೆಲಸ ಮಾಡುವ ಅಭ್ಯಾಸ ಎಷ್ಟೋ ರಿಪೇರಿಯವರಿಗೆ ಇದೆ. ನಿಮ್ಮ ಸಹಾಯಕರಲ್ಲಿ ಯಾರಿಗಾದರೂ ಇದ್ದರೆ ಮಕ್ಕಳ ಮುಂದೆ ಹಾಗೆ ಮಾಡದಂತೆ ಪ್ರೀತಿಯಿಂದ ಕೇಳಿಕೊಳ್ಳಿ.

ಸಾಮಾನು

ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡ್ ಇದೆ. ಬೇರೆ ಊರಿನವರು ಆನ್‌ಲೈನ್‌ನಲ್ಲಿ ತರಿಸಬಹುದು, ಇಲ್ಲವೇ ಊರಿನ ರೇಡಿಯೋ ರಿಪೇರಿ ಅಂಗಡಿಯವರ ಮೂಲಕ ತರಿಸಿಕೊಳ್ಳಬಹುದು. ಎರಡನೆಯದಕ್ಕೆ ನನ್ನ ಮತ. ಅಂಗಡಿಯವರ ಪರಿಚಯ ಆಮೇಲೂ ಉಪಯೋಗಕ್ಕೆ ಬರುತ್ತದೆ.

ಐರನ್‌ನಲ್ಲಿ ಎರಡು ಬಗೆ. 25 ವ್ಯಾಟ್‌ನ ಸಾದಾ ಐರನ್ ಅಗ್ಗ, ಈ ಕಿಟ್ಟಿಗೆ ಸಾಕು, ಆದರೆ ಬಿಸಿ ಎಷ್ಟಿದೆ ಅಂತ ನಮ್ಮ ಹಿಡಿತದಲ್ಲಿ ಇರುವುದಿಲ್ಲ. ತಾಪಮಾನ ಹೊಂದಿಸುವ ಸ್ಟೇಷನ್ ದುಬಾರಿ. ಹಣ ಕಡಿಮೆ ಇದ್ದರೆ ಹನ್ನೆರಡು ಸಾದಾ ಐರನ್ ತೆಗೆದುಕೊಳ್ಳಿ. ಮೂರು ಒಳ್ಳೆಯ ಸ್ಟೇಷನ್ ತಂದು ನಾಲ್ಕು ನಾಲ್ಕು ಜನಕ್ಕೆ ಹಂಚಬೇಡಿ. ಹಂಚಿದರೆ ಮತ್ತೆ ಕಾಲೇಜಿನ ಲ್ಯಾಬೇ ಆಗುತ್ತದೆ. ಒಂದೆರಡು ಐರನ್ ಹೆಚ್ಚಿಗೆ ಇರಲಿ. ಸ್ಪ್ರಿಂಗ್ ಇರುವ ಭಾರದ ಸ್ಟ್ಯಾಂಡ್ ಪ್ರತಿಯೊಬ್ಬರಿಗೂ ಬೇಕೇ ಬೇಕು, ಅದರಲ್ಲಿ ಚೌಕಾಶಿ ಬೇಡ.

ಸೋಲ್ಡರ್ ವೈರನ್ನು ಅಂಗಡಿಗಳಲ್ಲಿ ಲೆಡ್ ಅಂತಲೇ ಕರೆಯುತ್ತಾರೆ. 22 ಗೇಜ್ ಕೇಳಿ ತೆಗೆದುಕೊಳ್ಳಿ, ಮುಕ್ಕಾಲು ಮಿಲಿಮೀಟರಿನ ಹತ್ತಿರ ದಪ್ಪ ಇರುತ್ತದೆ. ದಪ್ಪದ ವೈರ್ ತಂದರೆ ಹೊಸಬರು ಎರಡು ಕಾಲಿಗೂ ಸೇರಿಸಿ ಒಂದೇ ಗುಡ್ಡೆ ಹಾಕಿಬಿಡುತ್ತಾರೆ. ವೈರಿನ ಮೇಲೆ 60/40 ಅಂತ ಇದ್ದರೆ 60 ಭಾಗ ತವರ, 40 ಭಾಗ ಸೀಸ. 63/37 ಸಿಕ್ಕಿದರೆ ಇನ್ನೂ ಒಳ್ಳೆಯದು. ಅದು 183 ಡಿಗ್ರಿಯಲ್ಲಿ ಒಮ್ಮೆಗೇ ಕರಗಿ ಒಮ್ಮೆಗೇ ಗಟ್ಟಿಯಾಗುತ್ತದೆ. 60/40 ಗಟ್ಟಿಯಾಗುವ ಮುಂಚೆ ಸ್ವಲ್ಪ ಹೊತ್ತು ಅಂಟಂಟಾಗಿ ಇರುತ್ತದೆ, ಆಗ ಕೈ ಅಲುಗಿದರೆ ಬೆಸುಗೆ ಬಿರುಕು ಬಿಡುತ್ತದೆ. ಶಾಲಾ ಮಕ್ಕಳ ತರಗತಿಯಾದರೆ, ಬಂದವರಲ್ಲಿ ಗರ್ಭಿಣಿಯರಿದ್ದರೆ, ಸೀಸ ಇಲ್ಲದ ವೈರ್ ತನ್ನಿ. ಅದು ಕರಗಲು 217 ಡಿಗ್ರಿಗೂ ಮೇಲೆ ಬೇಕು, ಹಾಗಾಗಿ ಐರನ್ ಸ್ವಲ್ಪ ಜಾಸ್ತಿ ಬಿಸಿ ಇರಬೇಕು. ಬೆಸುಗೆಯೂ ಅಷ್ಟು ಹೊಳೆಯುವುದಿಲ್ಲ. ಅದು ಮಾಮೂಲು, ತಪ್ಪಲ್ಲ.

ಇದಲ್ಲದೆ ಕಟರ್, ಡೀಸೋಲ್ಡರಿಂಗ್ ಪಂಪ್ (ಕರಗಿದ ಸೋಲ್ಡರ್ ಹೀರುವ ಸಾಧನ), ಒಂದೆರಡು ಮಲ್ಟಿಮೀಟರ್ (ವೋಲ್ಟ್, ಸಂಪರ್ಕ ಪರೀಕ್ಷಿಸುವ ಮೀಟರ್), ಒದ್ದೆ ಸ್ಪಂಜು, ಟೇಬಲ್ ಸುಡದಂತೆ ಹಾಸಲು ಹಳೆಯ ಪ್ಲೈವುಡ್ ತುಂಡು, ಸಾಬೂನು. ಕಾಲು ಕತ್ತರಿಸುವಾಗ ಚೂರು ಚಿಮ್ಮುತ್ತದೆ, ಅದಕ್ಕೆ ಎಲ್ಲರಿಗೂ ಸೇಫ್ಟಿ ಕನ್ನಡಕ. ಕಿಟ್‌ಗಳನ್ನು ಒಬ್ಬೊಬ್ಬರಿಗೆ ಒಂದೊಂದು ಕವರಿನಲ್ಲಿ ಹಾಕಿಡಿ. ಎಲ್‌ಇಡಿ ಎರಡರ ಬದಲು ಮೂರು ಹಾಕಿ.

ಶುಲ್ಕ ಎಷ್ಟು ಇಡಬೇಕು ಅಂತ ಕೇಳುವವರು ಜಾಸ್ತಿ. ಕಿಟ್‌ನ ಖರ್ಚು ಮತ್ತು ಸಹಾಯಕರ ಸಂಭಾವನೆಯನ್ನು ತಲೆಗೆ ಹಂಚಿ, ಅಷ್ಟು ತೆಗೆದುಕೊಳ್ಳಿ. ಪೂರ್ತಿ ಉಚಿತ ಅಂದರೆ ಹೆಸರು ಕೊಟ್ಟವರಲ್ಲಿ ಸುಮಾರು ಜನ ಬರುವುದೇ ಇಲ್ಲ, ಅವರ ಜಾಗದಲ್ಲಿ ಬರಬಹುದಾಗಿದ್ದವರಿಗೂ ತಪ್ಪುತ್ತದೆ. ಕೊಡಲು ಕಷ್ಟ ಇರುವವರಿಗೆ ಎರಡು ಸೀಟು ಸದ್ದಿಲ್ಲದೆ ಬಿಟ್ಟಿಡಿ.

ಆ ದಿನ ಬೆಳಗ್ಗೆ

ಹತ್ತರಿಂದ ಒಂದರವರೆಗೆ ಇಟ್ಟುಕೊಳ್ಳಿ. ಸ್ವಾಗತ ಭಾಷಣ, ದೀಪ ಬೆಳಗುವುದು, ಪಿಪಿಟಿ ಇವೆಲ್ಲ ಇಲ್ಲದಿದ್ದರೆ ಒಳ್ಳೆಯದು. ಹತ್ತೂ ಕಾಲಿಗೆ ಎಲ್ಲರ ಕಣ್ಣೂ ಐರನ್ ಮೇಲೆ ಇರಬೇಕು.

ಮೊದಲು ಬಟ್ಟೆ. ದುಪಟ್ಟಾ, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿ. ಉದ್ದ ಕೂದಲು ಹಿಂದಕ್ಕೆ ಕಟ್ಟಿಕೊಳ್ಳಲಿ. ಐರನ್ ಹಿಡಿಯುವ ಕೈಯ ಲೋಹದ ಬಳೆ, ಉಂಗುರ ತೆಗೆದಿಡಲಿ. ಹತ್ತಿ ಬಟ್ಟೆ ಹಾಕಿಕೊಂಡು ಬನ್ನಿ ಅಂತ ಮೊದಲೇ ತಿಳಿಸಿ. ಸಿಂಥೆಟಿಕ್ ಬಟ್ಟೆ ಬಿಸಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಚಪ್ಪಲಿಗಿಂತ ಶೂ ವಾಸಿ.

ಆಮೇಲೆ ಐರನ್. 'ಇದು ಬಿಸಿ ಇದೆಯೋ ಇಲ್ಲವೋ ಅಂತ ನೋಡಿ ಹೇಳಲು ಆಗುವುದಿಲ್ಲ. ಹಾಗಾಗಿ ಯಾವಾಗಲೂ ಬಿಸಿ ಇದೆ ಅಂತಲೇ ತಿಳಿದುಕೊಳ್ಳಿ' ಅಂತ ಹೇಳಿ. ಹಿಡಿಯುವುದು ಹಿಡಿಕೆಯಲ್ಲಿ ಮಾತ್ರ, ಪೆನ್ನು ಹಿಡಿಯುವ ರೀತಿ. ಕೈಯಲ್ಲಿಲ್ಲದಾಗ ಸ್ಟ್ಯಾಂಡಿನಲ್ಲಿ, ಮಧ್ಯೆ ಇನ್ನೆಲ್ಲೂ ಇಡುವ ಹಾಗಿಲ್ಲ. ಬೀಳುತ್ತಿರುವ ಐರನ್ ಹಿಡಿಯಲು ಹೋಗಬಾರದು. ಬೀಳಲಿ ಬಿಡಿ, ಐರನ್ ಇನ್ನೊಂದು ತಂದರಾಯಿತು.

ಸುಟ್ಟರೆ ಏನು ಮಾಡಬೇಕು ಅಂತಲೂ ಆಗಲೇ ಹೇಳಿ. ತಕ್ಷಣ ನಲ್ಲಿಯ ಕೆಳಗೆ, ಹರಿಯುವ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ. ಐದು ನಿಮಿಷಕ್ಕೆ ಉರಿ ಕಡಿಮೆಯಾಯಿತು ಅಂತ ತೆಗೆಯಬಾರದು. ಟೂತ್‌ಪೇಸ್ಟ್, ಬೆಣ್ಣೆ, ಶಾಯಿ, ಐಸ್ ಯಾವುದನ್ನೂ ಹಚ್ಚಬೇಡಿ. ಬೊಬ್ಬೆ ಒಡೆಯಬೇಡಿ. ಗಾಯ ದೊಡ್ಡದಾಗಿದ್ದರೆ, ಮುಖಕ್ಕೋ ಕಣ್ಣಿಗೋ ತಗುಲಿದ್ದರೆ ಸೀದಾ ಡಾಕ್ಟರ ಹತ್ತಿರ.

ಮೊದಲ ಬೆಸುಗೆ

ಕಿಟ್ ಕೊಡುವ ಮುಂಚೆ ಅಭ್ಯಾಸಕ್ಕೆ ಹಳೆಯ ಬೋರ್ಡಿನ ತುಂಡು ಮತ್ತು ರೆಸಿಸ್ಟರ್ ಕೊಡಿ. ಕನಿಷ್ಠ ಅರ್ಧ ಗಂಟೆ ಇದಕ್ಕೇ ಇರಲಿ. ಇಲ್ಲಿ ಅವಸರ ಮಾಡಿದರೆ ಆಮೇಲೆ ಇಡೀ ಬೆಳಗ್ಗೆ ಕೆಟ್ಟ ಬೆಸುಗೆ ಬಿಡಿಸುವುದರಲ್ಲೇ ಹೋಗುತ್ತದೆ.

ತುದಿ ಬಿಸಿಯಾದ ಕೂಡಲೇ ಒದ್ದೆ ಸ್ಪಂಜಿಗೆ ಒಂದು ಸಲ ಒರೆಸಬೇಕು. ಸ್ಪಂಜು ಹಿಂಡಿದಂತಿರಬೇಕು, ನೀರು ತೊಟ್ಟಿಕ್ಕಬಾರದು. ಒರೆಸಿದ ತಕ್ಷಣ ತುದಿಗೆ ಸ್ವಲ್ಪ ಸೋಲ್ಡರ್ ಮುಟ್ಟಿಸಿ ಬೆಳ್ಳಗೆ ಹೊಳೆಯುವ ಹಾಗೆ ಮಾಡಿಕೊಳ್ಳಬೇಕು. ತುದಿ ಕಪ್ಪಗಿದ್ದರೆ ಬಿಸಿ ದಾಟುವುದೇ ಇಲ್ಲ. ಹೊಸಬರ ಹತ್ತರಲ್ಲಿ ಎಂಟು ದೂರಿಗೆ ಇದೇ ಕಾರಣ.

'ಸರ್, ಎಷ್ಟೊತ್ತು ಹಿಡಿದ್ರೂ ಕರಗ್ತಾ ಇಲ್ಲ.'

'ತುದಿ ನೋಡಮ್ಮಾ, ಯಾವ ಬಣ್ಣ ಇದೆ?'

'ಕಪ್ಪು.'

'ಒರೆಸಿ, ಲೆಡ್ ಮುಟ್ಟಿಸಿ, ಮತ್ತೆ ನೋಡು.'

ಇಷ್ಟು ಸಾಕು. ಐರನ್ ಅವಳ ಕೈಯಲ್ಲೇ ಉಳಿಯಿತು, ತುದಿ ನೋಡಬೇಕು ಅನ್ನುವುದೂ ಗೊತ್ತಾಯಿತು.

ಇನ್ನು ಬೆಸುಗೆ. ರೆಸಿಸ್ಟರಿನ ಕಾಲು ತೂರಿಸಿ, ಹಿಂಬದಿಯಲ್ಲಿ ಸ್ವಲ್ಪ ಅಗಲಿಸಿ, ಬೋರ್ಡ್ ತಿರುಗಿಸಿ. ಐರನ್ ತುದಿ ಒಂದೇ ಸಲಕ್ಕೆ ತೂತಿನ ಸುತ್ತಲಿನ ತಾಮ್ರದ ಪ್ಯಾಡ್ ಮತ್ತು ಕಾಲು ಎರಡನ್ನೂ ಮುಟ್ಟಬೇಕು. ಎರಡು ಸೆಕೆಂಡ್ ಕಾಯಿರಿ. ಈಗ ಸೋಲ್ಡರ್ ವೈರನ್ನು ಎದುರು ಬದಿಯಿಂದ ತನ್ನಿ, ಅದು ಐರನ್ ತುದಿಗಲ್ಲ, ಕಾಲಿಗೆ ಮುಟ್ಟಬೇಕು. ಕಾಲಿನ ಬಿಸಿಗೇ ಕರಗಿ ಸುತ್ತ ಹರಿಯುತ್ತದೆ. ಸಾಕು ಅನ್ನಿಸಿದಾಗ ಮೊದಲು ವೈರ್ ತೆಗೆಯಿರಿ, ಆಮೇಲೆ ಐರನ್. ಊದಬೇಡಿ, ಅಲುಗಿಸಬೇಡಿ. ಒಂದೆರಡು ಸೆಕೆಂಡಿನಲ್ಲಿ ಅದೇ ಗಟ್ಟಿಯಾಗುತ್ತದೆ.

ಎಲ್ಲರೂ ಮಾಡುವುದು ಇದರ ಉಲ್ಟಾ: ಐರನ್ ತುದಿಯಲ್ಲಿ ಸೋಲ್ಡರ್ ಕರಗಿಸಿಕೊಂಡು ತಂದು ಕಾಲಿಗೆ ಮೆತ್ತುವುದು. ಹೀಗೆ ಮಾಡಿದರೆ ಫ್ಲಕ್ಸ್ ದಾರಿಯಲ್ಲೇ ಉರಿದುಹೋಗಿರುತ್ತದೆ, ಸೋಲ್ಡರ್ ತಣ್ಣಗಿನ ಪ್ಯಾಡಿಗೆ ಅಂಟುವುದಿಲ್ಲ. ನೋಡಿದರೆ ಗೊತ್ತಾಗುತ್ತದೆ. ಒಳ್ಳೆಯ ಬೆಸುಗೆ ಕಾಲಿನ ಸುತ್ತ ಇಳಿಜಾರಾಗಿ ಹರಡಿ ಪ್ಯಾಡ್ ಅಂಚಿನವರೆಗೆ ಹೋಗಿರುತ್ತದೆ. ಕೆಟ್ಟದ್ದು ರಾಗಿ ಕಾಳಿನ ಹಾಗೆ ದುಂಡಗೆ ಮೇಲೆ ಕೂತಿರುತ್ತದೆ. ಪ್ರತಿಯೊಬ್ಬರೂ ತಮ್ಮ ಐದು ಬೆಸುಗೆಯನ್ನು ಭೂತಗನ್ನಡಿಯಲ್ಲಿ ನೋಡಿ, ಯಾವುದು ಸರಿ, ಯಾವುದು ಅಲ್ಲ ಅಂತ ತಾವೇ ಹೇಳಲಿ. ಪಕ್ಕದವರದ್ದನ್ನೂ ನೋಡಲಿ.

ಇಲ್ಲಿ ಟೀ ವಿರಾಮ ಕೊಡಿ. ಐರನ್‌ಗಳ ಸ್ವಿಚ್ ಆಫ್, ಸಾಬೂನಿನಿಂದ ಕೈ ತೊಳೆದು, ಟೀ ಹೊರಗಡೆ.

ಕಿಟ್ ಕಟ್ಟುವುದು

ಗಿಡ್ಡ ಭಾಗಗಳಿಂದ ಶುರು ಮಾಡಿ ಎತ್ತರದವುಗಳ ಕಡೆ ಹೋಗಿ. ಎತ್ತರದ್ದನ್ನು ಮೊದಲು ಕೂರಿಸಿದರೆ ಬೋರ್ಡ್ ತಿರುಗಿಸಿದಾಗ ಗಿಡ್ಡದ್ದು ಜಾರಿ ಬೀಳುತ್ತದೆ. ಮೊದಲು ನಾಲ್ಕು ರೆಸಿಸ್ಟರ್. ಇವಕ್ಕೆ ಪ್ಲಸ್ ಮೈನಸ್ ಇಲ್ಲ, ಹೇಗೆ ಹಾಕಿದರೂ ನಡೆಯುತ್ತದೆ. ಆಮೇಲೆ ಐಸಿ ಬೇಸ್. ಅದರ ಒಂದು ತುದಿಯಲ್ಲಿರುವ ಕಚ್ಚು ಬೋರ್ಡ್ ಮೇಲಿನ ಗುರುತಿಗೆ ಹೊಂದಬೇಕು. ಮೊದಲು ಮೂಲೆಯ ಎರಡು ಕಾಲು ಮಾತ್ರ ಬೆಸೆದು, ಬೇಸ್ ನೆಟ್ಟಗೆ ಕೂತಿದೆಯಾ ನೋಡಿ ಉಳಿದ ಆರು ಬೆಸೆಯಲಿ.

ಎಲ್‌ಇಡಿಯ ಉದ್ದ ಕಾಲು ಪ್ಲಸ್. ಕತ್ತರಿಸಿದ ಮೇಲೆ ಉದ್ದ ಗಿಡ್ಡ ಗೊತ್ತಾಗುವುದಿಲ್ಲ, ಆಗ ಅಂಚು ಚಪ್ಪಟೆ ಇರುವ ಕಡೆ ಮೈನಸ್ ಅಂತ ನೆನಪಿಟ್ಟುಕೊಳ್ಳಬೇಕು. ಕೆಪಾಸಿಟರ್‌ಗೆ ಮೈಮೇಲೆ ಮೈನಸ್ ಗುರುತಿನ ಪಟ್ಟಿ ಇರುತ್ತದೆ. ಕೊನೆಗೆ ಬ್ಯಾಟರಿ ಕ್ಲಿಪ್, ಕೆಂಪು ವೈರ್ ಪ್ಲಸ್‌ಗೆ. ಕಾಲುಗಳನ್ನು ಕತ್ತರಿಸುವಾಗ ಚೂರನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ ಕತ್ತರಿಸಲಿ. ಐಸಿಯನ್ನು ಎಲ್ಲ ಮುಗಿದ ಮೇಲೆ ಬೇಸ್‌ಗೆ ಒತ್ತಿ. ಹೊಸ ಐಸಿಯ ಕಾಲು ಸ್ವಲ್ಪ ಹೊರಕ್ಕೆ ಅಗಲಿಸಿಕೊಂಡಿರುತ್ತದೆ, ಟೇಬಲ್ಲಿಗೆ ಒತ್ತಿ ನೆಟ್ಟಗೆ ಮಾಡಿಕೊಳ್ಳದಿದ್ದರೆ ಒಂದು ಕಾಲು ಒಳಗೆ ಮಡಚಿಕೊಂಡು ಹೋಗುತ್ತದೆ.

ಬೇಗ ಮುಗಿಸಿದವರು ಪಕ್ಕದವರಿಗೆ ಮಾಡಿಕೊಡಲು ಹೋಗುತ್ತಾರೆ. ಅವರಿಗೆ ಬೇರೆ ಕೆಲಸ ಕೊಡಿ: 10ರ ಕೆಪಾಸಿಟರ್ ತೆಗೆದು 47 ಮೈಕ್ರೋಫ್ಯಾರಡ್ ಹಾಕಿ ನೋಡಲಿ. ಒಂದು ಸುತ್ತು ಮಿನುಗಲು ಮೂರು ಸೆಕೆಂಡ್ ಆಗುತ್ತದೆ. ಕೆಪಾಸಿಟರಿನ ಅಳತೆಗೂ ಮಿನುಗುವ ವೇಗಕ್ಕೂ ಇರುವ ಸಂಬಂಧ ಪಾಠ ಮಾಡದೆಯೇ ಅರ್ಥವಾಗುತ್ತದೆ. ಜೊತೆಗೆ ಡೀಸೋಲ್ಡರಿಂಗ್ ಪಂಪ್ ಬಳಸುವುದೂ ಬರುತ್ತದೆ.

ದೀಪ ಮಿನುಗದಿದ್ದರೆ

ಹನ್ನೆರಡರಲ್ಲಿ ಮೂರ್ನಾಲ್ಕು ಬೋರ್ಡ್ ಮೊದಲ ಸಲಕ್ಕೆ ಮಿನುಗುವುದಿಲ್ಲ. ಇದಕ್ಕೆ ಅರ್ಧ ಗಂಟೆ ಮೊದಲೇ ಎತ್ತಿಟ್ಟಿರಬೇಕು, ಯಾಕೆಂದರೆ ಕಲಿಕೆ ಜಾಸ್ತಿ ಆಗುವುದು ಇಲ್ಲೇ. ಬೋರ್ಡ್ ತೆಗೆದುಕೊಂಡು ಹೋಗಿ ಸರಿಮಾಡಿ ತಂದುಕೊಡಬೇಡಿ. ಪಕ್ಕದಲ್ಲಿ ಕೂತು ಪ್ರಶ್ನೆ ಕೇಳಿ.

ಮೊದಲು ಐಸಿ ಮುಟ್ಟಿ ನೋಡಲು ಹೇಳಿ. ಬಿಸಿಯಾಗಿದ್ದರೆ ಬ್ಯಾಟರಿ ತಕ್ಷಣ ತೆಗೆಯಬೇಕು, ಐಸಿ ತಿರುಗುಮುರುಗಾಗಿ ಕೂತಿದೆಯಾ ಅಂತ ನೋಡಬೇಕು. ಒಂದು ದೀಪ ಮಾತ್ರ ಮಿನುಗಿ ಇನ್ನೊಂದು ಪೂರ್ತಿ ಕತ್ತಲಾಗಿದ್ದರೆ ಆ ಎಲ್‌ಇಡಿ ಉಲ್ಟಾ ಇದೆ. ಕವರಿನಲ್ಲಿ ಮೂರನೇ ಎಲ್‌ಇಡಿ ಹಾಕಿದ್ದು ಇದಕ್ಕೇ. ಎರಡೂ ದೀಪ ಮಿನುಗದೆ ಒಟ್ಟಿಗೆ ಹತ್ತಿಕೊಂಡೇ ಇದ್ದು, ಅದರಲ್ಲಿ ಒಂದು ತೀರಾ ಮಂಕಾಗಿದ್ದರೆ 47ಕೆ ಜಾಗಕ್ಕೆ 680 ಹೋಗಿದೆ. ಆಗ ಅದು ಸೆಕೆಂಡಿಗೆ ಅರವತ್ತು ಸಲ ಮಿನುಗುತ್ತಿರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ ಅಷ್ಟೇ. ಒಂದು ದೀಪ ಹತ್ತಿಕೊಂಡೇ ಇದ್ದು, ಇನ್ನೊಂದು ಆಗಾಗ ಮಿಣಕ್ ಅಂದಂತೆ ಕಂಡರೆ 1ಕೆ ಮತ್ತು 47ಕೆ ಅದಲುಬದಲಾಗಿವೆ.

ಏನೂ ಇಲ್ಲದಿದ್ದರೆ ಬೋರ್ಡ್ ತಿರುಗಿಸಿ. ಪಕ್ಕಪಕ್ಕದ ಎರಡು ಕಾಲು ಸೇರಿಹೋಗಿದೆಯಾ? ದುಂಡಗೆ ಕೂತ ಬೆಸುಗೆ ಇದೆಯಾ? ಅನುಮಾನ ಬಂದ ಜಾಗಕ್ಕೆ ಐರನ್ ಇಟ್ಟು ಇನ್ನೊಮ್ಮೆ ಕರಗಿಸಿದರೆ ಬಹಳ ಸಲ ಸರಿಹೋಗುತ್ತದೆ. ಆಮೇಲೂ ಆಗದಿದ್ದರೆ ಮಲ್ಟಿಮೀಟರ್ ಅನ್ನು ಬೀಪ್ ಮೋಡ್‌ಗೆ ಹಾಕಿ, ಬ್ಯಾಟರಿ ತೆಗೆದು, ಬೆಸುಗೆಯಿಂದ ಬೆಸುಗೆಗೆ ನೋಡುತ್ತಾ ಹೋಗುವುದು. ಒಂದಕ್ಕೆ ಮುಗಿಯದಿದ್ದರೆ ಒಂದೂವರೆ ಆಗಲಿ. ಮಿನುಗದ ಬೋರ್ಡ್ ಹಿಡಿದುಕೊಂಡು ಯಾರೂ ಮನೆಗೆ ಹೋಗಬಾರದು.

ಆಮೇಲೆ

'ನಮ್ಮನೆ ಮೊಬೈಲ್ ಚಾರ್ಜರ್ ಕೆಟ್ಟಿದೆ, ತರಲಾ?' ಅಂತ ಅವತ್ತೇ ಯಾರಾದರೂ ಕೇಳುತ್ತಾರೆ. ಖುಷಿಯಿಂದಲೇ ಬೇಡ ಅನ್ನಿ. ಚಾರ್ಜರ್, ಕಂಪ್ಯೂಟರಿನ ಪವರ್ ಸಪ್ಲೈ (ಎಸ್‌ಎಂಪಿಎಸ್) ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಪ್ಲಗ್ ತೆಗೆದ ಮೇಲೂ 320 ವೋಲ್ಟ್ ಹತ್ತಿರ ಉಳಿದಿರಬಹುದು. ಮೈಕ್ರೋವೇವ್ ಓವನ್, ಹಳೆಯ ಡಬ್ಬಾ ಟಿವಿ ಇನ್ನೂ ಅಪಾಯ. ಲಿಥಿಯಂ ಸೆಲ್‌ಗೆ ನೇರವಾಗಿ ಐರನ್ ಇಡುವುದಂತೂ ಬೇಡವೇ ಬೇಡ. ಮೊದಲ ಒಂದೆರಡು ತರಗತಿ ಬ್ಯಾಟರಿಯಲ್ಲಿ ನಡೆಯುವ ಕಿಟ್‌ಗಳಷ್ಟೇ ಇರಲಿ.

ಅದರ ನಂತರ ರಿಪೇರಿ ದಿನ ಇಡಬಹುದು. ಊರಿನವರು ಕೆಟ್ಟ ಸಾಮಾನು ತರುತ್ತಾರೆ, ಬಲ್ಲವರ ಜೊತೆ ಕೂತು ತಾವೇ ಸರಿಮಾಡಿಕೊಳ್ಳುತ್ತಾರೆ. ರಿಪೇರ್ ಕೆಫೆ ಎಂಬ ಈ ಪದ್ಧತಿಯನ್ನು ಮಾರ್ಟಿನ್ ಪೋಸ್ಟ್ಮಾ 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರು ಮಾಡಿದರು, ಬೆಂಗಳೂರಿಗೆ ಅದು 2015ರಲ್ಲಿ ಬಂತು. ಎಲೆಕ್ಟ್ರಾನಿಕ್ಸ್ ಬಿಟ್ಟು ಬೇರೆ ಕಡೆಗೂ ಹೋಗಬಹುದು. ಚನ್ನಪಟ್ಟಣದ ಸುತ್ತಮುತ್ತ ಇದ್ದರೆ ಗೊಂಬೆ ಕುಶಲಕರ್ಮಿಗಳನ್ನು ಕರೆದು ಲೇತ್ ಕೆಲಸ ಕಲಿಸಿ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಕೂರುವುದನ್ನು ಹತ್ತಿರದಿಂದ ನೋಡಬೇಕು. ಎಲ್ಲಿಗೇ ಹೋದರೂ ನಾಲ್ಕು ಜನಕ್ಕೆ ಒಬ್ಬರು, ಒಬ್ಬರಿಗೊಂದು ಉಪಕರಣ ಎಂಬ ಲೆಕ್ಕ ಬಿಡಬೇಡಿ.

ಎಲ್ಲರೂ ಹೋದ ಮೇಲೆ ಮಾಡಲು ಸ್ವಲ್ಪ ಕೆಲಸ ಉಳಿದಿರುತ್ತದೆ. ಪ್ರತಿ ಐರನ್ ತುದಿಗೂ ದಪ್ಪಗೆ ಸೋಲ್ಡರ್ ಹಚ್ಚಿ ಆರಲು ಬಿಡಿ, ಮುಂದಿನ ಸಲಕ್ಕೆ ತುದಿ ಕಪ್ಪಾಗುವುದಿಲ್ಲ. ಟೇಬಲ್ಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಪೊರಕೆಯಿಂದ ಗುಡಿಸಬೇಡಿ, ಸೀಸದ ಪುಡಿ ಗಾಳಿಗೆ ಏಳುತ್ತದೆ. ಸೋಲ್ಡರ್ ಚೂರು, ಕತ್ತರಿಸಿದ ಕಾಲು, ಕೆಟ್ಟ ಬೋರ್ಡ್ ಎಲ್ಲವನ್ನೂ ಒಂದು ಡಬ್ಬದಲ್ಲಿ ಹಾಕಿ ಮುಚ್ಚಿಟ್ಟು, ತುಂಬಿದ ಮೇಲೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಕಿಟ್ ಎಷ್ಟು ಉಳಿದಿದೆ ಎಣಿಸಿ ಬರೆದಿಡಿ. ಸಹಾಯಕರನ್ನು ಕೂರಿಸಿಕೊಂಡು ಯಾರಿಗೆ ಎಲ್ಲಿ ತಡವಾಯಿತು ಅಂತ ಕೇಳಿ, ಮುಂದಿನ ತರಗತಿಯ ದಿನವನ್ನು ಅಲ್ಲೇ ಗೊತ್ತು ಮಾಡಿ, ಕಾಯುತ್ತಿರುವ ಹದಿಮೂರನೆಯವರಿಗೆ ಫೋನ್ ಮಾಡಿ.